ಪಫ್ಸಿಗೆ ಅತ್ತೆಯ ಕಾವಲು

ನಮ್ಮ ಮನೆಯಲ್ಲಿ ಒಂದು ಕೆಲಸ ಹೊರಟ ದಾರಿಯಲ್ಲೇ ಹೋಗಿ ಮುಟ್ಟಿದ್ದನ್ನು ನಾನು ಇನ್ನೂ ನೋಡಬೇಕಾಗಿದೆ. ಹಾಲು ತರಲು ಹೋದವರು ಬೇಳೆ ತರುತ್ತಾರೆ, ಬೇಳೆ ಬೇಯಲು ಇಟ್ಟರೆ ಸಿಲಿಂಡರ್ ಖಾಲಿಯಾಗುತ್ತದೆ. ಮೈದಾ, ಬೆಣ್ಣೆ, ಉಪ್ಪು, ತಣ್ಣೀರು, ಇಷ್ಟರಲ್ಲಿ ಮುಗಿಯುವ ಪಫ್ಸಿನ ಹಿಟ್ಟು ನಮ್ಮ ಮನೆಯಲ್ಲಿ ಒಂದು ತಿಂಗಳು ಹಿಡಿಯಿತು ಅಂದರೆ ನಮ್ಮನ್ನು ಬಲ್ಲವರು ಯಾರೂ ಹುಬ್ಬೇರಿಸುವುದಿಲ್ಲ.

೧. ಮೇಲಿನ ಹೊಳಪು

ಆಗ ನಾವು ಜೆ.ಪಿ. ನಗರದಲ್ಲಿ ಬಾಡಿಗೆಗಿದ್ದೆವು. ಕೆಳಗೆ ನಾವು, ಮೇಲೆ ಓನರ್. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮನೆಯಲ್ಲಿ ನಾನು, ಯಜಮಾನರು, ಎರಡನೇ ಕ್ಲಾಸಿನ ಮಗಳು, ಹುಬ್ಬಳ್ಳಿ ಕಡೆಯಿಂದ ಬಂದು ನಮ್ಮ ಜೊತೆಗೇ ಉಳಿದ ಅತ್ತೆ. ನಾನು ಇಲ್ಲೇ ಪಕ್ಕದ ಸಿದ್ದಾಪುರದವಳು. ಓದು ಹತ್ತನೇ ಕ್ಲಾಸಿಗೆ ನಿಂತಿತು, ಬಾಯಿ ನಿಲ್ಲಲಿಲ್ಲ ಅಂತ ನಮ್ಮಮ್ಮ ಈಗಲೂ ಹೇಳುತ್ತಾರೆ.

ನಮ್ಮ ರಸ್ತೆಯ ಮೂಲೆಯಲ್ಲಿ ಒಂದು ಬೇಕರಿ. ಸ್ಕೂಲಿಂದ ಬರುವಾಗ ಮಗಳು ಅಲ್ಲಿನ ಗಾಜಿನ ಪೆಟ್ಟಿಗೆ ಮುಂದೆ ದೇವರ ಗುಡಿಯಲ್ಲಿ ನಿಂತ ಹಾಗೆ ನಿಲ್ಲುತ್ತಿದ್ದಳು. ಒಳಗೆ ಸಾಲಾಗಿ ಪಫ್ಸು, ಮೇಲೆಲ್ಲ ಹೊಂಬಣ್ಣ, ಪಾಲಿಶ್ ಹೊಡೆದ ಹಾಗೆ. ಅವಳಿಗೆ ನೋಡಲು ಮಾತ್ರ ಪರ್ಮಿಷನ್. ತಿನ್ನಲು ಅತ್ತೆಯ ಅಡ್ಡಿ ಇತ್ತು.

"ಆ ಮ್ಯಾಲಿನ ಹೊಳಪು ನೋಡಿದಿ?" ಅನ್ನುವರು ಅತ್ತೆ. "ಅದು ತತ್ತಿ ಹಚ್ಚಿದ್ದು. ತತ್ತಿ ಇಲ್ಲದ ಹಿಟ್ಟಿಗೆ ಅಷ್ಟು ಹೊಳಪು ಎಲ್ಲಿಂದ ಬರ್ತದ?"

ತತ್ತಿ ಅಂದರೆ ಮೊಟ್ಟೆ. ಅತ್ತೆ ಲಿಂಗ ಕಟ್ಟಿಕೊಂಡವರು. ಮೊಟ್ಟೆ ಇರುವ ಅಂಗಡಿಯ ಮುಂದೆ ಹೋಗುವಾಗ ಸೆರಗು ಸರಿಮಾಡಿಕೊಂಡು ಆಚೆ ಫುಟ್‌ಪಾತಿಗೆ ದಾಟುವವರು. ಅವರ ಮಾತು ಮೀರುವ ಧೈರ್ಯ ಅವರ ಮಗನಿಗೇ ಇಲ್ಲ, ಇನ್ನು ನನಗೆಲ್ಲಿಂದ.

ನಮ್ಮ ರಸ್ತೆಯ ಮಕ್ಕಳ ಬರ್ತ್‌ಡೇ ಅಂದರೆ ಒಂದು ತಟ್ಟೆ, ಅದರಲ್ಲಿ ಕೇಕು, ಚಿಪ್ಸು, ಒಂದು ಪಫ್ಸು. ಇದು ಎಲ್ಲರ ಮನೆಯಲ್ಲೂ ಒಂದೇ. ನಮ್ಮ ಮಗಳು ಹೋದಲ್ಲೆಲ್ಲ ಚಿಪ್ಸ್ ಮಾತ್ರ ತಿಂದು ಬರುತ್ತಿದ್ದಳು. ಹಿಂದಿನ ವರ್ಷ ಅವಳದೇ ಬರ್ತ್‌ಡೇಗೆ ಅತ್ತೆ ಶೇಂಗಾ ಹೋಳಿಗೆ ಮಾಡಿದ್ದರು. ಬಂದ ಮಕ್ಕಳೆಲ್ಲ ಒಳ್ಳೇ ಮಕ್ಕಳಾಗಿ ಕೂತು ತಿಂದವು. "ಇವತ್ತು ಯಾವ ಹಬ್ಬ ಆಂಟಿ?" ಅಂತ ಒಂದು ಕೇಳಿತು. ಹೋಳಿಗೆ ಮೇಲೆ ಮೇಣದಬತ್ತಿ ನಿಲ್ಲುವುದಿಲ್ಲ. ಇದನ್ನು ನಾನು ಕಣ್ಣಾರೆ ನೋಡಿ ಹೇಳುತ್ತಿದ್ದೇನೆ.

ಈ ಸಲ ಮಗಳು ಒಂದು ತಿಂಗಳ ಮುಂಚೆಯೇ ಗೆಳತಿಯರಿಗೆ ಸಾರಿಬಿಟ್ಟಿದ್ದಳು: ನಮ್ಮನೇಲೂ ಪಫ್ಸು, ನಮ್ಮಮ್ಮನೇ ಮಾಡ್ತಾಳೆ. ಮೂಲೆ ಮನೆಯ ಹುಡುಗಿ, "ಮನೇಲಿ ಪಫ್ಸ್ ಮಾಡೋಕಾಗಲ್ಲ, ನೀನು ಸುಳ್ಳಿ" ಅಂದಳಂತೆ. ಮಗಳು ಅಳುತ್ತ ಬಂದಳು.

ಅತ್ತೆಗೆ ಮೊಮ್ಮಗಳು ಅತ್ತರೆ ತಡೆಯುವುದಿಲ್ಲ. "ಮನ್ಯಾಗ ಮಾಡಿದ್ರ ತಿನ್ನಲಿ. ನಾನೂ ತಿಂತೀನಿ. ಹೊರಗಿಂದ ತಂದ್ರ ಮಾತ್ರ ಅವತ್ತು ನಾ ಊಟಾನೇ ಮಾಡಾಂಗಿಲ್ಲ" ಅಂತ ತೀರ್ಪು ಕೊಟ್ಟು ರಿಮೋಟ್ ಕೈಗೆತ್ತಿಕೊಂಡರು.

ನಾನು ಮಗಳನ್ನು ಪಕ್ಕಕ್ಕೆ ಕರೆದು, "ನಮ್ಮಮ್ಮಂಗೆ ಅದು ಬರಲ್ಲ ಅಂತ ನಿನ್ನ ಫ್ರೆಂಡ್ಸ್‌ಗೆ ಹೇಳಿಬಿಡು ಪುಟ್ಟಿ" ಅಂದೆ.

"ಈಗ ಹೇಳೋಕಾಗಲ್ಲಮ್ಮ. ಪ್ರತಿ ಶನಿವಾರ ಮಾಡ್ತಾಳೆ ಅಂತಾನೂ ಹೇಳ್ಬಿಟ್ಟಿದ್ದೀನಿ."

೨. ಬೆಣ್ಣೆಗೆ ಇರುವುದು ಒಂದೇ ದಾರಿ

ಮೇಲಿನ ಮನೆಯ ಓನರ್ ಆಂಟಿ ಜಯನಗರದಲ್ಲಿ ಯಾರೋ ನಡೆಸುತ್ತಿದ್ದ ಬೇಕಿಂಗ್ ಕ್ಲಾಸಿಗೆ ಹೋಗಿ ಬಂದವರು. ಕಲಿತದ್ದು ಒಂದನ್ನೂ ಮಾಡಿದವರಲ್ಲ, ಆದರೆ ಹೇಳಿಕೊಡುವುದಕ್ಕೆ ಯಾವಾಗಲೂ ರೆಡಿ.

"ತುಂಬಾ ಈಸಿ ಕಣೇ" ಅಂತ ಶುರುಮಾಡಿದರು. "ಬೆಣ್ಣೆ ಕಲ್ಲಿನ ತರ ಗಟ್ಟಿ ಇರ್ಬೇಕು. ಅದನ್ನ ಕ್ಯಾರೆಟ್ ತುರಿದ ಹಾಗೆ ಮೈದಾ ಮೇಲೆ ತುರ್ಕೋ. ಉಪ್ಪು, ಸ್ವಲ್ಪ ನಿಂಬೆರಸ, ಐಸ್ ನೀರು. ಎಲ್ಲ ಒಂದಾದ್ರೆ ಸಾಕು, ನಾದಬೇಡ. ಲಟ್ಟಿಸಿ, ಸೀರೆ ಮಡಚಿದ ಹಾಗೆ ಮೂರು ಮಡಿಕೆ ಮಾಡಿ ಫ್ರಿಜ್ಜಲ್ಲಿಡು. ಗಟ್ಟಿಯಾದ್ಮೇಲೆ ಮತ್ತೆ ಲಟ್ಟಿಸು, ಮತ್ತೆ ಮಡಚು. ಬೆಣ್ಣೆ ಕರಗದೆ ಮಧ್ಯೆ ಮಧ್ಯೆ ಉಳಿದ್ರೆ, ಬಿಸಿಗೆ ಪದರ ಪದರವಾಗಿ ತಾನೇ ಏಳುತ್ತೆ."

ಕೇಳುವುದಕ್ಕೆ ಚೆನ್ನಾಗಿತ್ತು. ನಮಗೆ ಫ್ರಿಜ್ ಇರಲಿಲ್ಲ. ಬೆಣ್ಣೆ ತಂದು, ಆಂಟಿ ಭಜನೆಯಿಂದ ಬಂದ ಮೇಲೆ ಅವರ ಫ್ರಿಜ್ಜಿನಲ್ಲಿಡೋಣ ಅಂತ ಅಡುಗೆಮನೆಯಲ್ಲಿ ತಣ್ಣೀರಿನ ಪಾತ್ರೆಯಲ್ಲಿಟ್ಟು ಮಗಳನ್ನು ಟ್ಯೂಷನ್ನಿಂದ ಕರೆತರಲು ಹೋದೆ.

ವಾಪಸ್ ಬರುವಾಗ ರಸ್ತೆ ತಿರುವಿನಲ್ಲೇ ಘಮ್ಮೆನ್ನುವ ತುಪ್ಪದ ವಾಸನೆ. ಯಾರೋ ಪುಣ್ಯಾತ್ಮರು ಬೆಣ್ಣೆ ಕಾಯಿಸುತ್ತಿದ್ದಾರೆ ಅಂತ ಮೂಗರಳಿಸಿಕೊಂಡು ನಡೆದೆ. ವಾಸನೆ ಹತ್ತಿರವಾಗುತ್ತ ಹೋಯಿತು. ನಮ್ಮ ಗೇಟಿನ ಹತ್ತಿರ ಬಂದಾಗ ನನ್ನ ಕಾಲು ಓಡಲು ಶುರುಮಾಡಿತು.

ಅತ್ತೆ ಒಲೆ ಮುಂದೆ ನಿಂತು ತುಪ್ಪಕ್ಕೆ ವೀಳ್ಯದೆಲೆ ಹಾಕುತ್ತಿದ್ದರು. "ಬೆಣ್ಣಿ ಹಂಗ ಬಿಟ್ಟು ಹೋಗಿದ್ದಿ. ಕೆಡ್ತಿತ್ತಲ್ಲವಾ. ಕಾಸಿ ಇಟ್ಟೀನಿ."

"ಅತ್ತೆ, ಅದು ಪಫ್ಸಿಗೆ ತಂದಿದ್ದು."

"ಪಫ್ಸಿಗೆ ತುಪ್ಪ ಹಾಕು. ಹಸಿ ಬೆಣ್ಣಿ ಯಾರರ ಹಾಕ್ತಾರೇನು?"

ಅವರದೂ ತಪ್ಪಲ್ಲ. ಬೆಣ್ಣೆ ಮನೆಯೊಳಗೆ ಬಂದರೆ ಅದಕ್ಕೆ ಇರುವುದು ಒಂದೇ ದಾರಿ, ಅದು ಒಲೆಯ ಮೇಲೆ ಹಾದುಹೋಗುತ್ತದೆ. ಹುಟ್ಟಿದಾಗಿನಿಂದ ಅವರು ಬೆಣ್ಣೆಯನ್ನು ಬೆಣ್ಣೆಯಾಗಿಯೇ ಮಲಗಲು ಬಿಟ್ಟಿಲ್ಲ.

ಎರಡನೇ ಸಲ ತಂದಾಗ ಡಬ್ಬಿಯಲ್ಲಿಟ್ಟು ಮೇಲೆ ದೊಡ್ಡದಾಗಿ "ಮುಟ್ಟಬೇಡಿ" ಅಂತ ಬರೆದು ಅಂಟಿಸಿದೆ. ಸ್ನಾನ ಮಾಡಿ ಹೊರಗೆ ಬರುವಷ್ಟರಲ್ಲಿ ಮತ್ತೆ ಅದೇ ಘಮ.

"ಅತ್ತೆ, ಬರೆದಿದ್ದೆನಲ್ಲ."

"ಓದೀನಿ. ಅದಕ್ಕ ನಾ ಮುಟ್ಟಿಲ್ಲವಾ. ಚಮಚದಾಗ ತಗದು ಹಾಕೀನಿ."

೩. ಮೇಲಿನ ಮನೆಯ ಫ್ರಿಜ್ಜು

ಮೂರನೇ ಸಲದ ಬೆಣ್ಣೆ ಅಂಗಡಿಯಿಂದ ನೇರ ಮೇಲಿನ ಮನೆಗೆ ಹೋಯಿತು. ಆಂಟಿಯ ಅಡುಗೆಮನೆಯಲ್ಲೇ ತುರಿದು, ಕಲಸಿ, ಲಟ್ಟಿಸಿ, ಮಡಚಿ, ಒದ್ದೆ ಬಟ್ಟೆ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿ ಅವರ ಫ್ರಿಜ್ಜಿನಲ್ಲಿಟ್ಟೆ.

ಆ ಫ್ರಿಜ್ಜು ಹೆಸರಿಗೆ ಅವರದು. ನಮ್ಮ ದೋಸೆ ಹಿಟ್ಟು, ಪಕ್ಕದ ಮನೆಯವರ ಮಲ್ಲಿಗೆ ಹೂವು, ಎದುರು ಮನೆ ತಾತನ ಕಣ್ಣಿನ ಡ್ರಾಪ್ಸು ಎಲ್ಲ ಅದರಲ್ಲೇ. ಯಾರದು ಯಾವುದು ಅಂತ ಆಂಟಿಗೆ ಮಾತ್ರ ಗೊತ್ತು. ಆ ದಿನ ಆಂಟಿ ಗಿರಿನಗರದಲ್ಲಿ ಯಾರದೋ ಮನೆಗೆ ಅರಿಶಿನ ಕುಂಕುಮಕ್ಕೆ ಹೋದರು. ಆ ಹೊತ್ತಿಗೇ ಓನರ್ ಅಂಕಲ್‌ನ ಅಕ್ಕ ವಸಂತಪುರದಿಂದ ಬಂದಿಳಿದರು.

ಇವೆಲ್ಲ ನನಗೆ ಆಮೇಲೆ ತಿಳಿದದ್ದು. ನಾನು ಹಿಟ್ಟನ್ನು ಎರಡನೇ ಸಲ ಲಟ್ಟಿಸಬೇಕು ಅಂತ ಲಟ್ಟಣಿಗೆ ಹಿಡಿದು ಮೇಲೆ ಹೋದರೆ, ಅಂಕಲ್ ಊಟಕ್ಕೆ ಕೂತಿದ್ದಾರೆ. ಅವರ ಅಕ್ಕ ಬಿಸಿಬಿಸಿ ಚಪಾತಿ ಬಡಿಸುತ್ತಿದ್ದಾರೆ. ಪಕ್ಕದಲ್ಲಿ ನನ್ನ ಸ್ಟೀಲ್ ಡಬ್ಬಿ ಬಾಯಿ ತೆರೆದುಕೊಂಡು ಬಿದ್ದಿದೆ.

"ಬಾಮ್ಮ, ಬಾ" ಅಂದರು ಅಂಕಲ್, ಬಾಯಿ ತುಂಬ ಇಟ್ಟುಕೊಂಡೇ. "ನಮ್ಮ ಮನೆಯವ್ರು ಹಿಟ್ಟು ಕಲಸಿಟ್ಟು ಹೋಗಿದ್ದಾರೆ. ನಮ್ಮಕ್ಕ ಸುಟ್ಟುಕೊಡ್ತಿದ್ದಾಳೆ. ಮದುವೆಯಾದಾಗಿಂದ ಇಂಥಾ ಚಪಾತಿ ನಾನು ಈ ಮನೇಲಿ ತಿಂದಿಲ್ಲ. ನೋಡು, ಪದರ ಹೇಗೆ ಬಿಟ್ಕೋತಿದೆ."

ಬಿಟ್ಟುಕೊಳ್ಳದೆ ಏನು ಮಾಡುತ್ತದೆ, ಅದರೊಳಗೆ ಅಷ್ಟು ಬೆಣ್ಣೆ ಇತ್ತು. ಲಟ್ಟಣಿಗೆಯನ್ನು ಸೆರಗಿನ ಮರೆಗೆ ಸರಿಸಿದೆ. ಆ ಹೊತ್ತಿಗೆ ಆಂಟಿ ಕುಂಕುಮದ ಪೊಟ್ಟಣ ಹಿಡಿದು ಒಳಗೆ ಬಂದರು.

ಅಂಕಲ್ ತಟ್ಟೆಯಿಂದ ಕೈಯೆತ್ತಿ ಹೊಗಳಿದರು. ಅವರ ಅಕ್ಕನೂ ಆಂಟಿಗೆ, "ನಾನು ನಿನ್ನ ಬಗ್ಗೆ ಏನೇನೋ ಅಂದ್ಕೊಂಡಿದ್ದೆ ಕಣೆ, ಕೈ ಚೆನ್ನಾಗೇ ಇದೆ" ಅಂದರು. ಆಂಟಿ ನನ್ನನ್ನು ನೋಡಿದರು. ನಾನು ಡಬ್ಬಿಯನ್ನು ನೋಡಿದೆ. ಆಂಟಿಯೂ ಡಬ್ಬಿಯನ್ನು ನೋಡಿದರು.

"ಹೂಂ" ಅಂದರು ಮೆಲ್ಲಗೆ. "ಇವತ್ತು ಸ್ವಲ್ಪ ಬೇರೆ ತರ ಕಲಸಿದ್ದೆ."

ಮಾರನೇ ದಿನ ಬೆಳಿಗ್ಗೆ ಆಂಟಿ ಮೆಟ್ಟಿಲಿಳಿದು ಬಂದು, ಅತ್ತೆ ಇಲ್ಲದ್ದು ನೋಡಿಕೊಂಡು, "ಅವರಿಗೆ ಇವತ್ತೂ ಅದೇ ಚಪಾತಿ ಬೇಕಂತೆ ಕಣೇ" ಅಂದರು. ನಮ್ಮ ಅಡುಗೆಮನೆ ಗೋಡೆಗೆ ಸುಣ್ಣ ಹೊಡೆಸಿಕೊಡಿ ಅಂತ ನಾನು ಅವರನ್ನು ಎರಡು ದೀಪಾವಳಿಯಿಂದ ಕೇಳುತ್ತಿದ್ದೆ. ಹಿಟ್ಟು ಕಲಸಿಕೊಟ್ಟೆ, ಸುಣ್ಣ ಆ ವಾರವೇ ಆಯಿತು.

೪. ಪಳಗಿದ ಕೈ

ಅಷ್ಟರಲ್ಲಿ ಬರ್ತ್‌ಡೇಗೆ ಎರಡು ವಾರ ಉಳಿದಿತ್ತು. ಮಗಳು ದಿನಾ ಬೆಳಿಗ್ಗೆ ಕ್ಯಾಲೆಂಡರ್ ಮುಂದೆ ನಿಂತು, ಉಳಿದ ದಿನ ಎಣಿಸಿ, ನನ್ನ ಮುಖ ನೋಡಿ ಸ್ಕೂಲಿಗೆ ಹೋಗುವಳು. ಬಾಯಿಬಿಟ್ಟು ಕೇಳಿದ್ದರೆ ಏನಾದರೂ ಒಂದು ಉತ್ತರ ಕೊಡುತ್ತಿದ್ದೆ.

ಈ ಹಿಟ್ಟಿನ ದೊಡ್ಡ ಕಷ್ಟ ಏನೆಂದರೆ ಇದನ್ನು ಕೆಟ್ಟದಾಗಿ ಕಲಸಬೇಕು. ಒಡೆದೊಡೆದು ಇರಬೇಕು, ನಡುನಡುವೆ ಬೆಣ್ಣೆಯ ಚೂರು ಕಾಣಬೇಕು. ಚಪಾತಿ ಹಿಟ್ಟು ಕಲಸಿ ಕಲಸಿ ಪಳಗಿದ ಕೈಗೆ ಇದನ್ನು ಹೇಳಿ ಒಪ್ಪಿಸುವುದು ಸುಲಭವಲ್ಲ. ನನ್ನ ಕೈಯನ್ನು ಹೇಗೋ ಗದರಿಸಿ ನಿಲ್ಲಿಸಿದ್ದೆ. ಆದರೆ ಮನೆಯಲ್ಲಿ ಇನ್ನೆರಡು ಕೈ ಇದ್ದವು.

ಗ್ಯಾಸ್ ಸಿಲಿಂಡರಿನವನು ಬಂದ ಅಂತ ಬಾಗಿಲಿಗೆ ಹೋಗಿ ಬರುವಷ್ಟರಲ್ಲಿ ಅತ್ತೆ ಪರಾತ ಅನ್ನುವ ತಮ್ಮ ಅಗಲ ತಟ್ಟೆಯ ಮುಂದೆ ಕೂತು ನನ್ನ ಹಿಟ್ಟನ್ನು ನಾದುತ್ತಿದ್ದರು. ಬಾಳಿನುದ್ದ ಜೋಳದ ರೊಟ್ಟಿ ಬಡಿದ ಕೈ ಅದು. ಹಿಟ್ಟು ರೇಷ್ಮೆಯ ಹಾಗೆ ನುಣ್ಣಗಾಗಿತ್ತು. ಬೆಣ್ಣೆಯ ಚೂರುಗಳೆಲ್ಲ ಎಲ್ಲೋ ಸೇರಿಹೋಗಿದ್ದವು.

"ಅತ್ತೆ, ಅದನ್ನ ನಾದಬಾರದು."

"ಹಿಟ್ಟು ಹಿಂಗ ಬಿಟ್ರ ಹ್ಯಾಂಗವಾ? ಯಾರರ ಬಂದು ನೋಡಿದ್ರ ಈ ಮನಿ ಹೆಂಗಸರಿಗೆ ಹಿಟ್ಟು ಕಲಸಾಕ ಬರಾಂಗಿಲ್ಲ ಅಂತಾರ. ನಿಮ್ಮ ಮಾವನ ಮುಂದ ಇಂಥಾದ್ದು ಇಟ್ಟಿದ್ರ ಪರಾತ ಅಂಗಳದಾಗ ಹೋಗಿ ಬೀಳ್ತಿತ್ತು."

ಬಿಸಾಡಲು ಮನಸ್ಸಾಗದೆ ಅದನ್ನೇ ಲಟ್ಟಿಸಿ, ಚೌಕ ಕತ್ತರಿಸಿ, ನಮ್ಮ ಗುಂಡಗಿನ ಕರೆಂಟ್ ಓವನ್ನಿನಲ್ಲಿಟ್ಟೆ. ಹೊರಗೆ ತೆಗೆದಾಗ ಪದರವೂ ಇಲ್ಲ, ಏನೂ ಇಲ್ಲ. ತಟ್ಟೆಗೆ ಹಾಕಿದರೆ ಟಣ್ ಅಂತು. ಅತ್ತೆ ಒಂದನ್ನು ಕೈಯಲ್ಲಿ ಹಿಡಿದು, "ಗಟ್ಟಿ ಬಂದಾವ" ಅಂತ ಸಮಾಧಾನದಿಂದ ಹೇಳಿದರು.

ಯಜಮಾನರು ಅದನ್ನೆಲ್ಲ ಡಬ್ಬಿಗೆ ಹಾಕಿಕೊಂಡು ಆಫೀಸಿಗೆ ಹೋದರು. ಸಂಜೆ ಬಂದಾಗ ಡಬ್ಬಿ ಖಾಲಿ.

"ಟೀ ಜೊತೆ ಬಿಸ್ಕತ್ತು ಅಂತ ಹಂಚಿದೆ. ಎಲ್ಲರೂ ಚೆನ್ನಾಗಿದೆ ಅಂದ್ರು" ಅಂದರು. "ಕ್ಯಾಷಿಯರ್ ಒಬ್ರು ಏನೂ ಹೇಳ್ಲಿಲ್ಲ."

"ಯಾಕೆ?"

"ಅವರು ಹೊಸದಾಗಿ ಹಲ್ಲು ಕಟ್ಟಿಸಿದ್ರು. ಹೇಳೋ ಸ್ಥಿತಿಯಲ್ಲಿರಲಿಲ್ಲ."

೫. ಸಾಕ್ಷಿ ಇಲ್ಲದ ಗೆಲುವು

ಬರ್ತ್‌ಡೇ ಬರುವ ಭಾನುವಾರ. ಅತ್ತೆ ಸೋಮವಾರ ಸೋಮವಾರ ಈಶ್ವರನ ಗುಡಿಗೆ ಹೋಗುತ್ತಾರೆ. ಆ ಸೋಮವಾರ ಅವರು ಗೇಟು ದಾಟಿದ್ದೇ ತಡ, ಆಂಟಿಯ ಫ್ರಿಜ್ಜಿನಲ್ಲಿ ಗಟ್ಟಿ ಮಾಡಿಟ್ಟಿದ್ದ ಒಂದು ಮುಷ್ಟಿ ಹಿಟ್ಟು ತಂದು, ಮೆಲ್ಲಗೆ ಲಟ್ಟಿಸಿ, ಒಂದೇ ಒಂದು ಪಫ್ಸು ಮಡಚಿ ಓವನ್ನಿಗೆ ಹಾಕಿದೆ.

ಗಾಜಿನ ಕಿಂಡಿಯಿಂದ ನೋಡುತ್ತ ಕೂತೆ. ಮೊದಲು ಬೆವರಿತು. ಆಮೇಲೆ ಅಂಚು ಸ್ವಲ್ಪ ಎದ್ದಿತು. ಆಮೇಲೆ ನಿಧಾನವಾಗಿ, ಪುಸ್ತಕದ ಹಾಳೆ ಗಾಳಿಗೆ ಬಿಚ್ಚಿದ ಹಾಗೆ, ಪದರ ಪದರವಾಗಿ ಮೇಲೆದ್ದು ನಿಂತಿತು. ಹತ್ತನೇ ಕ್ಲಾಸಿನ ರಿಸಲ್ಟ್ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಅದನ್ನು ತಟ್ಟೆಯಲ್ಲಿಟ್ಟು, ಆಂಟಿಯನ್ನು ಕರೆತಂದು ತೋರಿಸಬೇಕು ಅಂತ ಮೇಲೆ ಓಡಿದೆ. ಆಂಟಿ ಸೀರೆ ಸರಿಮಾಡಿಕೊಂಡು, ಚಪ್ಪಲಿ ಹುಡುಕಿ, ನನ್ನ ಹಿಂದೆ ಇಳಿದು ಬಂದರು. ಒಳಗೆ ಯಜಮಾನರು ಮಧ್ಯಾಹ್ನದ ಊಟಕ್ಕೆ ಬಂದು ಕೂತಿದ್ದರು. ತಟ್ಟೆ ಖಾಲಿ.

"ಅದು ಒಂದೇ ಇದ್ದಿದ್ದು" ಅಂದೆ.

"ಹೌದಾ? ಚೆನ್ನಾಗಿತ್ತು ಕಣೇ" ಅಂದರು ಬಾಯಿ ಒರೆಸಿಕೊಂಡು. "ಉಪ್ಪು ಸ್ವಲ್ಪ ಕಡಿಮೆ."

ಸಂಜೆ ಮಗಳಿಗೆ ಹೇಳಿದರೆ ನಂಬಲಿಲ್ಲ. ಅಪ್ಪನನ್ನು ಕೇಳು ಅಂದೆ. "ಅಪ್ಪ ಉಪ್ಪಿಟ್ಟನ್ನೂ ಚೆನ್ನಾಗಿದೆ ಅಂತಾರೆ" ಅಂದಳು. ಆಮೇಲೆ ಮಲಗುವ ಮುಂಚೆ ಹತ್ತಿರ ಬಂದು, "ಆಗದಿದ್ರೆ ಬರೀ ಚಿಪ್ಸ್ ಕೊಡೋಣಮ್ಮ, ಪರವಾಗಿಲ್ಲ" ಅಂದಳು. ಯಾವಾಗಲೂ ಹಟ ಮಾಡುವ ಹುಡುಗಿ ಹೀಗೆ ದೊಡ್ಡವರ ಹಾಗೆ ಮಾತಾಡಿದ್ದು ನನಗೆ ಸೇರಲಿಲ್ಲ. ಆಗಿಯೇ ಆಗಬೇಕು ಅಂತ ಅವತ್ತೇ ತೀರ್ಮಾನಿಸಿದೆ.

೬. ಬೇಕರಿ ಒಲೆಯ ಮುಂದೆ

ಭಾನುವಾರ ಬಂತು. ಹಿಟ್ಟು ಹಿಂದಿನ ದಿನವೇ ಆಂಟಿಯ ಫ್ರಿಜ್ಜು ಸೇರಿತ್ತು. ಆಂಟಿ ತಾವೇ ಅದಕ್ಕೆ ಕಾವಲಿದ್ದರು, ಅಂಕಲ್ ಅಡುಗೆಮನೆ ಕಡೆ ಸುಳಿದಾಗಲೆಲ್ಲ "ಏನು ಬೇಕು ನಿಮಗೆ" ಅನ್ನುತ್ತ. ಆಲೂಗಡ್ಡೆ, ಕ್ಯಾರೆಟ್, ಬಟಾಣಿಯ ಪಲ್ಯ ತುಂಬಿ ಮಡಚಿ ಎರಡು ದೊಡ್ಡ ತಟ್ಟೆಗಳಲ್ಲಿ ಜೋಡಿಸಿದೆ. ಐದು ಗಂಟೆಗೆ ಮಕ್ಕಳು ಬರುವುದು. ಮೂರಕ್ಕೆ ಓವನ್ ಸ್ವಿಚ್ ಹಾಕಿದೆ. ಮೂರೂ ಐದಕ್ಕೆ ಕರೆಂಟ್ ಹೋಯಿತು.

ಲೈನ್‌ಮನ್‌ನನ್ನು ಕೇಳಿಕೊಂಡು ಬಂದ ಯಜಮಾನರು, "ರಾತ್ರಿ ಆಗುತ್ತಂತೆ" ಅಂದರು. ಮಗಳು ಹೊಸ ಫ್ರಾಕ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕೆಳತುಟಿ ನಡುಗಲು ಶುರುವಾಗಿತ್ತು.

ಆಂಟಿ ಹೇಳಿದರು, "ಮೂಲೆ ಬೇಕರಿಗೆ ಕೊಡು. ಅವನದು ಸೌದೆ ಒಲೆ, ಬೇಯಿಸಿಕೊಡ್ತಾನೆ." ಆ ಕಾಲದಲ್ಲಿ ಅದು ಇತ್ತು. ರಜೆ ಬಂದರೆ ಹೆಂಗಸರು ಬಿಸ್ಕತ್ತಿನ ಹಿಟ್ಟು ತಟ್ಟೆಗೆ ಒತ್ತಿಕೊಂಡು ಹೋಗಿ ಬೇಕರಿಯ ಒಲೆಯಲ್ಲಿ ಬೇಯಿಸಿಕೊಂಡು ಬರುತ್ತಿದ್ದರು.

"ಆ ಒಲಿಯಾಗ ತತ್ತಿ ಬೆಂದಿರ್ತದ" ಅಂದರು ಅತ್ತೆ.

ಅತ್ತೆ ಮೊಮ್ಮಗಳ ಮುಖ ನೋಡಿದರು. ಆಮೇಲೆ ಎದ್ದು ಸೆರಗು ಸಿಕ್ಕಿಸಿಕೊಂಡರು. "ನಡೀರಿ. ನಾನೂ ಬರ್ತೀನಿ. ಅವರ ತಾಟು ನಮ್ಮ ತಾಟಿಗೆ ತಾಗಬಾರದು. ಬೇಯೂತನಕ ನಾ ಅಲ್ಲೇ ನಿಂತು ಕಾಯ್ತೀನಿ."

ಬೇಕರಿಯಣ್ಣ ಒಳ್ಳೆಯವನು. ತನ್ನ ತಟ್ಟೆ ಎಲ್ಲ ಈಚೆಗೆಳೆದು ನಮ್ಮದನ್ನು ಒಳಗೆ ತಳ್ಳಿದ. ಅತ್ತೆಗೆ ಒಂದು ಸ್ಟೂಲು ಹಾಕಿಕೊಟ್ಟ. ಒಲೆಯ ಬಾಯಿ ಎದುರಿಗೆ ಅವರು ಪೊಲೀಸ್ ಸ್ಟೇಷನ್ ಬಾಗಿಲಿನ ಪೇದೆಯ ಹಾಗೆ ಕೂತರು. ಇನ್ನು ಭಯವಿಲ್ಲ ಅಂತ ನಾನು ಬಲೂನು ಕಟ್ಟಲು ಮನೆಗೆ ಬಂದೆ.

ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ವಾಪಸ್ ಹೋದರೆ ಬೇಕರಿ ಮುಂದೆ ಗುಂಪು. ಗುಂಪಿನ ನಡುವೆ ಅತ್ತೆಯ ಧ್ವನಿ.

"ತಗೋರಿ, ತಗೋರಿ, ಸಂಕೋಚ ಮಾಡಬ್ಯಾಡ್ರಿ. ನಮ್ಮ ಮೊಮ್ಮಗಳ ಬರ್ತ್‌ಡೇ. ನಮ್ಮ ಸೊಸಿ ಮನ್ಯಾಗ ಮಾಡ್ಯಾಳ. ಬೆಣ್ಣಿ ಹಾಕಿದ್ದು, ತತ್ತಿ ಇಲ್ಲ."

ತಳ್ಳಿಕೊಂಡು ಒಳಗೆ ಹೋದೆ. ಒಂದು ತಟ್ಟೆ ಖಾಲಿ. ಇನ್ನೊಂದೂ ಖಾಲಿ. ಕೊನೆಯದು ಖಾಕಿ ಶರ್ಟಿನ ಒಬ್ಬ ಆಟೋ ಡ್ರೈವರ್‌ನ ಕೈಯಲ್ಲಿತ್ತು, ಅದರಲ್ಲೂ ಅರ್ಧ ಒಳಗೆ ಹೋಗಿತ್ತು. ಅವನ ಶರ್ಟಿನ ಮೇಲೆಲ್ಲ ತೆಳುವಾದ ಪದರ ಉದುರಿತ್ತು. "ಸಖತ್ತಾಗಿದೆ ಅಮ್ಮ" ಅಂದ ಅತ್ತೆಗೆ.

"ಅತ್ತೆ, ಏನು ಮಾಡಿದ್ರಿ?"

"ಬಿಸಿಬಿಸಿ ಮುಂದ ಇಟಗೊಂಡು ಕುಂತೀನಿ. ಮಂದಿ ಎದುರಿಗೆ ಬಂದು ನಿಲ್ತಾರ, ವಾಸನಿ ಚಲೋ ಐತಿ ಅಂತಾರ. ಕೊಡದ ಹ್ಯಾಂಗ ಕುಂದ್ರಲಿ?" ಅಂದರು. ಹೇಳುತ್ತ ಹೇಳುತ್ತ ತಟ್ಟೆ ಕಡೆ ನೋಡಿದರು. ಅವರ ಧ್ವನಿ ಇಳಿಯಿತು. "ಒಂದೊಂದ ಕೊಟ್ಟೀನಿ. ಇಷ್ಟು ಲಗೂನ ಮುಗೀತಾವಂತ ತಿಳೀಲಿಲ್ಲವಾ."

ಬಾಗಿಲಿಗೆ ಬಂದವರಿಗೆ ತಿನ್ನಿಸದೆ ಕಳಿಸುವ ಪದ್ಧತಿ ಅವರ ಮನೆತನದಲ್ಲಿಲ್ಲ. ಅದು ಬೇರೆಯವರ ಅಂಗಡಿಯ ಬಾಗಿಲು ಅನ್ನುವುದು ಅವರಿಗೆ ಹೊಳೆಯಲಿಲ್ಲ, ಅಷ್ಟೇ.

ಬೇಕರಿಯಣ್ಣ ಕೈಕಟ್ಟಿ ನಿಂತಿದ್ದ. "ಮೇಡಂ, ನನ್ನ ಕಷ್ಟಾನೂ ಸ್ವಲ್ಪ ಕೇಳಿ. ಭಾನುವಾರ ಸಾಯಂಕಾಲ, ಒಂದೂ ಪಫ್ಸ್ ಮಾರಿಲ್ಲ. ನನ್ನ ಗಿರಾಕಿಗಳನ್ನೆಲ್ಲ ಅಮ್ಮ ಹೊಟ್ಟೆ ತುಂಬಿಸಿ ಕಳಿಸ್ತಿದ್ದಾರೆ. ನನ್ನನ್ನೂ ಸೇರಿಸಿ."

ಅವನ ಗಾಜಿನ ಪೆಟ್ಟಿಗೆಯಲ್ಲಿ ಪಫ್ಸುಗಳು ಸಾಲಾಗಿ ಮಿನುಗುತ್ತ ಕೂತಿದ್ದವು. ಅವನು ನಮ್ಮ ಖಾಲಿ ತಟ್ಟೆ ನೋಡಿದ. ನಾನು ಅವನ ತುಂಬಿದ ಪೆಟ್ಟಿಗೆ ನೋಡಿದೆ. ಆಮೇಲೆ ಇಬ್ಬರೂ ಅತ್ತೆಯನ್ನು ನೋಡಿದೆವು.

ಅತ್ತೆ ಸ್ಟೂಲಿನಿಂದ ಎದ್ದು ಪ್ರಥಮ ಬಾರಿಗೆ ಆ ಗಾಜಿನ ಹತ್ತಿರ ಹೋಗಿ ಬಗ್ಗಿದರು. "ತಮ್ಮಾ, ಈ ಹೊಳಪು ಏನಿದು?"

"ಹಾಲಮ್ಮ. ಮೇಲೆ ಹಾಲು ಸವರ್ತೀವಿ."

"ತತ್ತಿ?"

"ಮೊಟ್ಟೆನಾ? ಅಯ್ಯೋ, ನಾವೇ ತಿನ್ನಲ್ಲ. ನಮ್ಮ ತಂದೆ ಕಾಲದಿಂದ ಈ ಅಂಗಡಿ ಒಳಗೆ ಮೊಟ್ಟೆ ಬಂದಿಲ್ಲ. ಕೇಕಿಗೂ ಹಾಕಲ್ಲ."

ಆಟೋದವನು ಅಗಿಯುವುದು ಮಾತ್ರ ಕೇಳುತ್ತಿತ್ತು. ಅತ್ತೆ ನಿಧಾನವಾಗಿ ನನ್ನ ಕಡೆ ತಿರುಗಿದರು.

"ಒಂದು ತಿಂಗಳು ಒದ್ದಾಡಿದಿ. ಇಲ್ಲಿ ಬಂದು ಇಷ್ಟು ಕೇಳಾಕ ಏನಾಗಿತ್ತು ನಿನಗ?"

ನಾನು ಪರ್ಸು ಬಿಚ್ಚಿದೆ.

ಬೇಕರಿಯಣ್ಣನ ಪಫ್ಸುಗಳನ್ನೇ ನಮ್ಮ ತಟ್ಟೆಗೆ ಜೋಡಿಸಿಕೊಂಡು ಮನೆಗೆ ಓಡಿದೆವು. ಮಕ್ಕಳು ಬಂದು ಕೂತಾಗಿತ್ತು. ಸುಳ್ಳು ಹೇಳುವುದು ಬೇಡ, ಕೇಳಿದರೆ ನೋಡೋಣ ಅಂತ ನಾನು ಸುಮ್ಮನೆ ಬಡಿಸಿದೆ. ಮಗಳು ಮಹಾರಾಣಿಯ ಹಾಗೆ ಕೂತಿದ್ದಳು. ಮೂಲೆ ಮನೆಯ ಹುಡುಗಿ ಒಂದು ತುಂಡು ಕಚ್ಚಿ, ಅಗಿದು, ನುಂಗಿ, "ಇದು ಬೇಕರೀದು. ನಮ್ಮಪ್ಪ ದಿನಾ ತರ್ತಾರೆ, ನಂಗೆ ಗೊತ್ತು" ಅಂದಳು.

ಮಗಳು ನನ್ನ ಕಡೆ ನೋಡಿದಳು. ನಾನು ಅತ್ತೆ ಕಡೆ ನೋಡಿದೆ. ಅತ್ತೆ ಬಲೂನಿನ ಕಡೆ ನೋಡಿದರು. ಮಗಳ ಕಣ್ಣು ತುಂಬಿಕೊಳ್ಳುತ್ತಿದ್ದದ್ದು ನನಗೆ ಕಾಣುತ್ತಿತ್ತು.

ಆಗ ಗೇಟಿನ ಸದ್ದಾಯಿತು. ಖಾಕಿ ಶರ್ಟಿನ ಆಟೋ ಡ್ರೈವರು, ಕೈಯಲ್ಲಿ ಒಂದು ಹೊಸ ಪೆನ್ಸಿಲ್ ಬಾಕ್ಸು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, "ಅಮ್ಮ ಸಂಜೆಗೆ ಮನೆಗೆ ಬಾ ಅಂದಿದ್ರು. ಮಗೂದು ಬರ್ತ್‌ಡೇದು ತಿಂದ್ಬಿಟ್ಟೆ, ಬರೀ ಕೈಯಲ್ಲಿ ಹೇಗೆ ಬರೋದು" ಅಂದ. ಅತ್ತೆ ಸಂತೋಷದಿಂದ ಅವನನ್ನು ಚಾಪೆಯ ಮೇಲೆ ಕೂರಿಸಿ, ಅವರ ಅಭ್ಯಾಸದಂತೆ, ಮುಂದೆ ಒಂದು ತಟ್ಟೆ ಇಟ್ಟರು.

ಅವನು ಪಫ್ಸು ಕಚ್ಚಿದ. ಅಗಿಯುವುದು ನಿಧಾನವಾಯಿತು.

"ಅಮ್ಮ, ಇದಲ್ಲ ಅಲ್ವಾ ನೀವು ಅಲ್ಲಿ ಕೊಟ್ಟಿದ್ದು? ಇದು ಬರೀ ಬೇಕರೀದು. ಅದು ಮನೇಲಿ ಮಾಡಿದ್ದು. ಬಾಯಿಗಿಟ್ರೆ ಹಾಗೇ ಪದರ ಪದರ ಉದುರ್ತಿತ್ತು. ಇಂಥಾ ಹತ್ತು ತಂದ್ರೂ ಅದಕ್ಕೆ ಸಮ ಆಗಲ್ಲ."

ಮಗಳು ಬೆನ್ನು ನೆಟ್ಟಗೆ ಮಾಡಿ ಕೂತಳು. "ಕೇಳಿಸ್ಕೊಂಡ್ಯಾ?" ಅಂದಳು ಮೂಲೆ ಮನೆಯವಳಿಗೆ. "ನಮ್ಮಮ್ಮ ಮಾಡಿದ್ದು ಅದು."

"ಹಾಗಾದ್ರೆ ಅದು ಎಲ್ಲಿ?" ಅಂದಳು ಅವಳು.

ಅತ್ತೆ ಸ್ವಲ್ಪವೂ ಯೋಚಿಸಲಿಲ್ಲ. ಆಟೋದವನ ಕಡೆ ಕೈ ತೋರಿಸಿ, "ಅಕಾ ನೋಡು, ಈ ತಮ್ಮನ ಹೊಟ್ಟ್ಯಾಗ ಐತಿ" ಅಂದರು.

ಮಕ್ಕಳೆಲ್ಲ ತಿನ್ನುವುದು ನಿಲ್ಲಿಸಿ ಅವನ ಹೊಟ್ಟೆಯನ್ನೇ ದಿಟ್ಟಿಸಿ ನೋಡತೊಡಗಿದವು. ಪಾಪ, ಅವನು ಪೆನ್ಸಿಲ್ ಬಾಕ್ಸನ್ನು ಮೆಲ್ಲಗೆ ಅಡ್ಡ ಹಿಡಿದುಕೊಂಡ.